ಕೋಡಿ ಎಲ್ಲಿ ಹರಿಯಬೇಕು?



ಪದವೀಧರರೇ, ಈ ಸಮಾರಂಭಕ್ಕೆ ನನ್ನನ್ನು ಕರೆದ ನಿಮ್ಮ ವಿಭಾಗದ ಮುಖ್ಯಸ್ಥರು ಫೋನಿನಲ್ಲೇ ಒಂದು ಷರತ್ತು ಹಾಕಿದ್ದರು. 'ಮೇಡಂ, ಕ್ಲೌಡ್ ಆರ್ಕಿಟೆಕ್ಟ್ ಅಂದ್ರೆ ಏನು ಕೆಲಸ, ಅದರ ಹೊಣೆ ಏನು, ಇಷ್ಟು ಹೇಳಿ ಸಾಕು. ಕನಸು ಕಾಣಿ ಅಂತೆಲ್ಲ ಹೋದ ವರ್ಷದ ಅತಿಥಿಗಳು ಹೇಳಿ ಮುಗಿಸಿದ್ದಾರೆ.' ನನಗೂ ಅದೇ ಬೇಕಿತ್ತು.

ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮಮ್ಮ. ನನ್ನ ಹುದ್ದೆಯ ಹೆಸರು ಬದಲಾಗಿದೆ ಅಂತ ಊರಿಗೆ ಫೋನ್ ಮಾಡಿ ಹೇಳಿದಾಗ, 'ಆರ್ಕಿಟೆಕ್ಟ್ ಅಂದ್ರೆ ಮನೆ ಪ್ಲಾನ್ ಹಾಕೋರಲ್ವೇನೇ? ನೀನು ಓದಿದ್ದು ಕಂಪ್ಯೂಟರ್ ಅಲ್ವಾ?' ಅಂದರು. 'ಪ್ಲಾನೇ ಹಾಕೋದಮ್ಮ, ಆದರೆ ಮೋಡದಲ್ಲಿ' ಅಂದೆ. ಅವರು ಅದನ್ನು ಎಷ್ಟು ಅರ್ಥ ಮಾಡಿಕೊಂಡರೋ, ಆ ವರ್ಷ ಮುಂಗಾರು ತಡವಾದಾಗ ಪಕ್ಕದ ಮನೆಯ ಗೌಡರು ನನಗೆ ಫೋನ್ ಮಾಡಿ ಮಳೆ ಯಾವಾಗ ಅಂತ ಕೇಳಿದರು. ಇಡೀ ಬೀದಿಗೆ ನಾನು ಹವಾಮಾನ ಇಲಾಖೆಯವಳಾಗಿದ್ದೆ.

ಪೋಷಕರಿಗಾಗಿ ಎರಡು ಮಾತು. ಇಲ್ಲಿ ಮೋಡವೂ ಇಲ್ಲ, ಆಕಾಶವೂ ಇಲ್ಲ. ಇರುವುದು ಬಾಡಿಗೆ ಕಂಪ್ಯೂಟರು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಂದು ಕಂಪನಿಗೆ ಸರ್ವರ್ ಬೇಕೆಂದರೆ ಕೊಟೇಶನ್ ತರಿಸಬೇಕು, ಸಹಿ ಹಾಕಿಸಬೇಕು, ಪೆಟ್ಟಿಗೆ ಬರುವವರೆಗೆ ಕಾಯಬೇಕು, ಬಂದ ಮೇಲೆ ಅದಕ್ಕೊಂದು ಎಸಿ ಕೋಣೆ ಹುಡುಕಬೇಕು. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಸಂಗ್ರಹ ಜಾಗವನ್ನೂ ಕಂಪ್ಯೂಟರುಗಳನ್ನೂ ಬಳಸಿದಷ್ಟಕ್ಕೆ ದುಡ್ಡು ಎಂಬ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. ಆಮೇಲೆ ಮೈಕ್ರೋಸಾಫ್ಟ್, ಗೂಗಲ್ ಬಂದವು. 2016ರಲ್ಲಿ ಅಮೆಜಾನಿನ ಕೇಂದ್ರ ಮುಂಬಯಿಗೆ ಬಂತು, 2022ರಲ್ಲಿ ಹೈದರಾಬಾದಿಗೂ ಬಂತು. ಇವತ್ತು ನಿಮ್ಮ ಮಗಳು ಈ ಹುಲ್ಲುಹಾಸಿನ ಮೇಲೆ ಕೂತು ಐದು ನಿಮಿಷದಲ್ಲಿ ನೂರು ಸರ್ವರ್ ಎಬ್ಬಿಸಬಲ್ಲಳು. ಕಾರ್ಡು ಯಾರದು ಅನ್ನುವುದೊಂದೇ ಪ್ರಶ್ನೆ.

ಯಂತ್ರ ಇಷ್ಟು ಸಲೀಸಾಗಿ ಸಿಗುವುದಾದರೆ ಆರ್ಕಿಟೆಕ್ಟ್ ಯಾಕೆ ಬೇಕು? ಯಾವುದು ಎಲ್ಲಿ ಇರಬೇಕು, ಎಷ್ಟು ಇರಬೇಕು, ಯಾರ ಕೈಗೆ ಯಾವ ಕೀಲಿ, ಕೆಟ್ಟರೆ ಮೊದಲು ಏನು ಕೆಡಬೇಕು, ಏನು ಮಾತ್ರ ಕೆಡಲೇಬಾರದು ಎಂದು ಕೆಡುವ ಮೊದಲೇ ಯಾರಾದರೂ ಕೂತು ತೀರ್ಮಾನಿಸಬೇಕಲ್ಲ, ಅದಕ್ಕೆ. ನನ್ನ ದಿನದ ಬಹುಪಾಲು ಕೋಡ್ ಬರೆಯುವುದರಲ್ಲಿ ಹೋಗುವುದಿಲ್ಲ. ಕೇಳುವುದರಲ್ಲಿ, ಚಿತ್ರ ಬಿಡಿಸುವುದರಲ್ಲಿ, ಲೆಕ್ಕ ಹಾಕುವುದರಲ್ಲಿ, ಹಣಕಾಸಿನವರಿಗೂ ಕೋಡ್ ಬರೆಯುವವರಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದರಲ್ಲಿ ಹೋಗುತ್ತದೆ.

ಇದನ್ನು ವಿವರಿಸಲು ಸಾಮಾನ್ಯವಾಗಿ ಒಳ್ಳೆಯ ವಿನ್ಯಾಸಕ್ಕೆ ಬೇಕಾದ ಅಮೆಜಾನಿನವರ ಆರು ಕಂಬಗಳ ಚಿತ್ರ ತೋರಿಸುತ್ತಾರೆ. ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ, ನಾನು ಮತ್ತೆ ತೋರಿಸುವುದಿಲ್ಲ. ನನ್ನ ಹತ್ತಿರ ಇನ್ನೊಂದು ಪಟ್ಟಿ ಇದೆ, ಕಲ್ಲಿನ ಮೇಲಿರುವುದು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಎಂಬಲ್ಲಿ ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ ಒಂದು ದೊಡ್ಡ ಕೆರೆ ಕಟ್ಟಿಸಿದ. 1369ರ ಅದರ ಶಾಸನ, ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಹಿಡಿಯಿತು ಎಂದು ಲೆಕ್ಕ ಕೊಡುತ್ತದೆ. ಅಷ್ಟಕ್ಕೇ ನಿಲ್ಲದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಹನ್ನೆರಡರಲ್ಲಿ ಕಲ್ಲು, ಮಣ್ಣು, ನದಿ ಎಲ್ಲ ಇವೆ. ಅದರ ಜೊತೆಗೆ ಜಲಶಾಸ್ತ್ರ ಬಲ್ಲ ಒಬ್ಬ ವ್ಯಕ್ತಿಯೂ ಒಂದು ಅಂಗ, ಕಟ್ಟುವ ಕೈಚಳಕವುಳ್ಳ ಕೆಲಸಗಾರರೂ ಒಂದು ಅಂಗ. ಆರ್ಕಿಟೆಕ್ಟನ್ನೂ ತಂಡವನ್ನೂ ಸಾಮಗ್ರಿಯ ಪಟ್ಟಿಯಲ್ಲೇ ಸೇರಿಸಿದ, ಆ ಶಾಸನ ಬರೆದ ಪುಣ್ಯಾತ್ಮನ ಬುದ್ಧಿ ನೋಡಿ.

ಆರು ದೋಷಗಳು ಇವು. ಏರಿಯಿಂದ ನೀರು ಜಿನುಗುವುದು, ಸವಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ಕೆರೆಯ ನಡುವೆ ದಿಬ್ಬ, ನೀರು ಅಲ್ಪವಾಗಿದ್ದು ಅಚ್ಚುಕಟ್ಟು ವಿಪರೀತ ಹಬ್ಬಿರುವುದು, ನೆಲ ಅಲ್ಪವಾಗಿದ್ದು ನೀರು ವಿಪರೀತ ಇರುವುದು. ಇಪ್ಪತ್ತೆರಡು ವರ್ಷದ ನನ್ನ ಕೆಲಸದಲ್ಲಿ ನಾನು ಮಾಡಿದ, ನೋಡಿದ ತಪ್ಪುಗಳೆಲ್ಲ ಹೆಚ್ಚುಕಡಿಮೆ ಈ ಆರರಲ್ಲೇ ಸಿಕ್ಕಿಬಿಡುತ್ತವೆ.

ಐದನೆಯದರಿಂದ ಶುರುಮಾಡುತ್ತೇನೆ, ಯಾಕೆಂದರೆ ಅದು ನನ್ನದೇ ಕಥೆ, ಇಲ್ಲಿ ಕೂತಿರುವ ಒಬ್ಬಿಬ್ಬರು ಅದರ ಸಂತ್ರಸ್ತರೂ ಇರಬಹುದು. ಸುಮಾರು ಹತ್ತು ವರ್ಷದ ಹಿಂದೆ ಒಂದು ಪರೀಕ್ಷಾ ಮಂಡಳಿಯ ಫಲಿತಾಂಶದ ವೆಬ್‌ಸೈಟ್ ಕಟ್ಟುವ ಕೆಲಸ ನಮ್ಮ ತಂಡಕ್ಕೆ ಬಂತು. ಮಂಡಳಿಯ ಹೆಸರು ಬೇಡ, ತಪ್ಪು ನನ್ನದು. ನಾನು ಹೊಸದಾಗಿ ಆಟೋಸ್ಕೇಲಿಂಗ್ ಕಲಿತಿದ್ದೆ. ಜನ ಜಾಸ್ತಿಯಾದರೆ ಸರ್ವರ್ ತಾನಾಗೇ ಜಾಸ್ತಿಯಾಗುತ್ತದೆ, ಇನ್ನೇನು ಬೇಕು? ಎಂಟು ಸರ್ವರಿನಿಂದ ನಲವತ್ತರವರೆಗೆ ಬೆಳೆಯಲು ಬಿಟ್ಟೆ. ಬೆಳಗ್ಗೆ ಹನ್ನೊಂದಕ್ಕೆ ಫಲಿತಾಂಶ ಬಿಟ್ಟರು. ಹನ್ನೊಂದು ಮೂರಕ್ಕೆ ಸೈಟು ಬಿತ್ತು.

ಆಗಿದ್ದು ಇಷ್ಟು. ಪ್ರತಿ ಸರ್ವರ್ ಡೇಟಾಬೇಸಿಗೆ ಇಪ್ಪತ್ತೈದು ಸಂಪರ್ಕ ಹಿಡಿದು ಕೂರುತ್ತಿತ್ತು. ಎಂಟು ಸರ್ವರಿಗೆ ಇನ್ನೂರು. ಡೇಟಾಬೇಸ್ ತಡೆಯುವುದು ಐನೂರು. ನಲವತ್ತು ಸರ್ವರಾದಾಗ ಸಾವಿರ ಕೈ ಒಂದೇ ಬಾಗಿಲು ಬಡಿಯತೊಡಗಿದವು. ಅಂದರೆ ಅಚ್ಚುಕಟ್ಟನ್ನು ಐದು ಪಟ್ಟು ಹಿಗ್ಗಿಸಿ ತೂಬನ್ನು ಹಾಗೇ ಬಿಟ್ಟಿದ್ದೆ. ಉಳಿದದ್ದನ್ನು ನೀವೇ ಮಾಡಿದಿರಿ. ಪುಟ ಬರದಿದ್ದಾಗ ವಿದ್ಯಾರ್ಥಿ ಏನು ಮಾಡುತ್ತಾನೆ? ರಿಫ್ರೆಶ್. ಅವನಪ್ಪ ತನ್ನ ಫೋನಿನಲ್ಲಿ ಒಂದು ಸಲ, ಸೈಬರ್ ಸೆಂಟರಿನವನು ಹತ್ತು ಸಲ. ಒಬ್ಬ ಕೇಳಬೇಕಾದ್ದನ್ನು ಇಪ್ಪತ್ತು ಜನ ಕೇಳಿದ ಹಾಗಾಯಿತು. ಹೊಸ ಸರ್ವರ್ ಬಂದಷ್ಟೂ ಸ್ಥಿತಿ ಕೆಟ್ಟಿತು. ನಾಲ್ಕು ಗಂಟೆ ಹೀಗೇ ನಡೆಯಿತು. ಮಂಡಳಿಯ ಕಚೇರಿಯಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತಂತೆ. ಅಲ್ಲಿನ ಗುಮಾಸ್ತರೊಬ್ಬರು ಮಧ್ಯಾಹ್ನದ ಹೊತ್ತಿಗೆ ರಿಸೀವರ್ ಎತ್ತಿ ಮೇಜಿನ ಮೇಲೆ ಪಕ್ಕಕ್ಕಿಟ್ಟು ಊಟಕ್ಕೆ ಹೋದರು. ಅವರ ಮೇಲೆ ನನಗೆ ಇವತ್ತಿಗೂ ಗೌರವ. ಆ ದಿನ ಇಡೀ ವ್ಯವಸ್ಥೆಯಲ್ಲಿ ಕೋಡಿ ಅಂತ ಇದ್ದದ್ದು ಅದೊಂದೇ.

ಕೋಡಿ ಗೊತ್ತಲ್ಲ? ನಮ್ಮಜ್ಜನ ಊರು ಅರಸೀಕೆರೆ ತಾಲ್ಲೂಕಿನಲ್ಲಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಗೆ ಏಟಾಗದಂತೆ ಹೊರಗೆ ಹರಿಯಲು ಒಂದು ತಗ್ಗಿನಲ್ಲಿ ಕಲ್ಲು ಕಟ್ಟಿರುತ್ತಾರೆ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಆ ನೀರು ಮುಂದಿನ ಊರಿನ ಕೆರೆಗೆ ಹೋಗುತ್ತದೆ. ಸರಪಳಿಯಂತೆ ಒಂದರ ಕೆಳಗೊಂದು ಕೆರೆ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನವರಿಗೆ ಲಾಭ, ಮೇಲಿನ ಏರಿ ಒಡೆದರೆ ಕೆಳಗಿನ ಕೆರೆಗಳೆಲ್ಲ ಸಾಲಾಗಿ ಹೋಗುತ್ತವೆ. ಈಗ ಕೇಳಿ, ಪ್ರತಿ ವರ್ಷ ಕೆರೆ ತುಂಬುತ್ತಾ ಬಂದಾಗ ನಾಲ್ಕು ಜನ ರೈತರು ರಾತ್ರೋರಾತ್ರಿ ಕೋಡಿಗೆ ಮಣ್ಣಿನ ಮೂಟೆ ಅಡ್ಡ ಇಡುತ್ತಿದ್ದರು. ಇನ್ನೊಂದು ಮೊಳ ನೀರು ನಿಂತರೆ ಬೇಸಿಗೆ ಬೆಳೆಗಾಯಿತು ಅನ್ನುವ ಲೆಕ್ಕ. ಆಸೆ ತಪ್ಪಲ್ಲ. ಆದರೆ ಕೆರೆ ಕಾಯುವ ನೀರುಗಂಟಿ ಕಂದೀಲು ಹಿಡಿದು ಮಳೆಯಲ್ಲೇ ಹೋಗಿ ಆ ಮೂಟೆಗಳನ್ನು ಒದ್ದು ಬೀಳಿಸಿ ಬರುತ್ತಿದ್ದ. ಬೆಳಗ್ಗೆ ಊರವರ ಬೈಗುಳ ಅವನಿಗೇ.

ಕ್ಲೌಡಿನಲ್ಲಿ ಮಣ್ಣಿನ ಮೂಟೆ ಇಡುವವರಿಗೆ ಬಿಸಿನೆಸ್ ಹೆಡ್ ಅನ್ನುತ್ತಾರೆ. 'ಒಂದು ನಿಮಿಷಕ್ಕೆ ಇಷ್ಟೇ ಮಂದಿ ಅಂತ ಯಾಕೆ ಮಿತಿ ಹಾಕಿದ್ದೀರಿ? ಇವತ್ತು ಸೇಲ್ ಇದೆ, ತೆಗೀರಿ.' ಮಿತಿಗೆ ಮೀರಿದವರನ್ನು 'ನಿಮ್ಮ ಮುಂದೆ ನಾಲ್ಕು ಸಾವಿರ ಜನ ಇದ್ದಾರೆ, ದಯವಿಟ್ಟು ಕಾಯಿರಿ' ಎಂಬ ಪುಟಕ್ಕೆ ಹರಿಸುವುದೇ ನಮ್ಮ ಕೋಡಿ. ಅದನ್ನು ಕಟ್ಟುವುದು ಆರ್ಕಿಟೆಕ್ಟ್ ಕೆಲಸದಲ್ಲಿ ಕಾಲುಭಾಗ. ಸೇಲಿನ ದಿನ ಅದನ್ನು ಮುಚ್ಚಲು ಬಿಡದೆ ನಿಲ್ಲುವುದು ಮುಕ್ಕಾಲು. ಅಂದ ಹಾಗೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಜಗತ್ತಿನ ಕ್ಲೌಡ್ ನಡೆಸುವ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅದೂ ಇದೇ. ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಯ ಮೇಲೆ ಕಟ್ಟಡ ಎಬ್ಬಿಸಿ, ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮರೆತ ಊರು ಅದು.

ಆರನೆಯ ದೋಷಕ್ಕೆ ಬರೋಣ. ನೆಲ ಅಲ್ಪ, ನೀರು ವಿಪರೀತ. ಇದು ಹೊಸದಾಗಿ ಕಲಿತವರ ಕಾಯಿಲೆ. ಒಂದು ಹಾಲು ಒಕ್ಕೂಟದವರು ಸಲಹೆ ಕೇಳಲು ಬಂದಿದ್ದರು. ಇನ್ನೂರು ಡೇರಿಗಳು, ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹಾಲು ಅಳೆಯುವ ಹೊತ್ತು. ಲೀಟರು, ಫ್ಯಾಟ್, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್, ರೈತರಿಗೆ ಕೊಡಬೇಕಾದ ದುಡ್ಡು, ಇಷ್ಟೇ ಲೆಕ್ಕ. ಅವರಿಗೆ ಯಾರೋ ಮೂರು ಪ್ರದೇಶಗಳಲ್ಲಿ ಹರಡಿದ, ಸರ್ವರುಗಳ ದಂಡನ್ನೇ ನಡೆಸುವ ಕುಬರ್ನೆಟಿಸ್ ವ್ಯವಸ್ಥೆ ಬರೆದುಕೊಟ್ಟಿದ್ದರು. ಚಿತ್ರ ಬಹಳ ಚೆನ್ನಾಗಿತ್ತು, ಗೋಡೆಗೆ ಹಾಕುವ ಹಾಗಿತ್ತು. ದಿನದ ಇಪ್ಪತ್ತು ಗಂಟೆ ಖಾಲಿ ಕೂತು ಬಾಡಿಗೆ ತಿನ್ನುವ ಯಂತ್ರಗಳು. ಅದರ ತಿಂಗಳ ಬಾಡಿಗೆಯ ಅಂದಾಜು ನೋಡಿ ಒಕ್ಕೂಟದ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆ ಸಭೆಯಲ್ಲಿ ಒಂದು ಹಳ್ಳಿ ಡೇರಿಯ ಕಾರ್ಯದರ್ಶಿ ಕೂತಿದ್ದರು, ಹಿಂದಿನ ಸಾಲಿನಲ್ಲಿ. ಒಂದು ಗಂಟೆ ಸುಮ್ಮನಿದ್ದು ಆಮೇಲೆ ಕೇಳಿದರು: 'ಎಲ್ಲ ಸರಿ ಮೇಡಂ, ಕರೆಂಟ್ ಹೋದ್ರೆ?' ಮೂರು ಪ್ರದೇಶಗಳ ಆ ಚಿತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವರ ಊರಲ್ಲಿ ಬೆಳಗ್ಗೆ ಆರಕ್ಕೆ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ಮಾತ್ರ ಹೋಗುವುದಿಲ್ಲ, ಹಾಲು ಕೆಡುವ ಮೊದಲು ಅಳೆಯಬೇಕು. ಕೊನೆಗೆ ನಾವು ಮಾಡಿದ್ದು ತೀರ ಸಾದಾ ಕೆಲಸ. ಡೇರಿಯಲ್ಲೇ ಒಂದು ಚಿಕ್ಕ ಬ್ಯಾಟರಿ ಯಂತ್ರ ಲೆಕ್ಕ ಬರೆದುಕೊಳ್ಳುತ್ತದೆ, ನೆಟ್‌ವರ್ಕ್ ಬಂದಾಗ ಮೇಲಕ್ಕೆ ಕಳಿಸುತ್ತದೆ, ಒಂದೇ ಲೆಕ್ಕ ಎರಡು ಸಲ ಹೋದರೂ ಒಂದೇ ಸಲ ಜಮೆಯಾಗುತ್ತದೆ. ಮೇಲೆ ಒಂದು ಸಣ್ಣ ಡೇಟಾಬೇಸ್, ದಿನಕ್ಕೊಂದು ಬ್ಯಾಕಪ್. ಇದನ್ನು ಸಮ್ಮೇಳನದಲ್ಲಿ ತೋರಿಸಿದರೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ನನ್ನನ್ನು ಕೇಳಿದರೆ ಆ ಕೋಣೆಯಲ್ಲಿದ್ದ ನಿಜವಾದ ಆರ್ಕಿಟೆಕ್ಟ್ ಆ ಕಾರ್ಯದರ್ಶಿ.

ಇನ್ನು ಮೊದಲನೆಯ ದೋಷ, ಏರಿಯ ಜಿನುಗು. ಏರಿಯಲ್ಲಿ ಇಲಿ ಕೊರೆದ ಬಿಲ ಸಾಕು, ಹೊರಗಿನಿಂದ ನೋಡಿದರೆ ಮಣ್ಣು ಸ್ವಲ್ಪ ಒದ್ದೆ, ಅಷ್ಟೇ. ಕ್ಲೌಡಿನಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಕೊಟ್ಟ ಒಂದು ಕೀಲಿ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಲ್ಲಿನ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಸೋರಿತು. ಬಾಡಿಗೆ ಯಂತ್ರಗಳ ಒಡೆಯರ ಬೀಗ ಯಾರೂ ಮುರಿದಿರಲಿಲ್ಲ. ಬಾಗಿಲಲ್ಲಿ ಕೂರಿಸಿದ್ದ ಕಾವಲು ತಂತ್ರಾಂಶವನ್ನು ಬ್ಯಾಂಕಿನವರೇ ತಪ್ಪಾಗಿ ಹೊಂದಿಸಿದ್ದರು. ಆ ಕಾವಲುಗಾರನಿಗೆ ಗೇಟು ಕಾಯುವಷ್ಟು ಅಧಿಕಾರ ಸಾಕಿತ್ತು, ಕೊಟ್ಟದ್ದು ಉಗ್ರಾಣವನ್ನೇ ತೆರೆಯುವಷ್ಟು. ಹೊರಗಿನಿಂದ ಬಂದವಳು ಕಾವಲುಗಾರನನ್ನೇ ಒಳಗೆ ಕಳಿಸಿ ಸಾಮಾನು ತರಿಸಿಕೊಂಡಳು. ಮರುವರ್ಷ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಬಿತ್ತು. ನೀವು ಇನ್ನೊಂದು ವಾರದಲ್ಲಿ ಕೆಲಸಕ್ಕೆ ಸೇರುತ್ತೀರಿ. ಸೇರಿದ ಮೊದಲ ತಿಂಗಳಲ್ಲೇ ಯಾರಾದರೂ 'ಸದ್ಯಕ್ಕೆ ಅಡ್ಮಿನ್ ಕೊಟ್ಟುಬಿಡು, ಆಮೇಲೆ ಸರಿ ಮಾಡೋಣ' ಅನ್ನುತ್ತಾರೆ. ಆ 'ಆಮೇಲೆ' ಬಂದದ್ದನ್ನು ನಾನಂತೂ ನೋಡಿಲ್ಲ. ಗಿಟ್‌ಹಬ್ಬಿಗೆ ಕೀಲಿ ಸಮೇತ ಕೋಡ್ ಏರಿಸಬೇಡಿ ಅಂತ ನಿಮಗೆ ಹೇಳುವುದು ಊಟಕ್ಕೆ ಮೊದಲು ಕೈ ತೊಳೆಯಿರಿ ಅಂದ ಹಾಗೆ, ಆದರೂ ಹೇಳಿಬಿಡುತ್ತೇನೆ.

ಮೂರನೆಯ ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ. ಕಾವೇರಿಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಉದ್ಯೋಗದ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ ಎಂದು ನನ್ನ ಅಭಿಪ್ರಾಯ. ಕ್ಲೌಡ್ ಕಂಪನಿಯವರ ಕರಾರು ಓದಿ ನೋಡಿ. ಕಟ್ಟಡ, ವಿದ್ಯುತ್ತು, ಯಂತ್ರ, ತಂತಿ ಅವರ ಹೊಣೆ. ಅದರೊಳಗೆ ನೀವು ಇಟ್ಟ ಡೇಟಾ, ನೀವು ಕೊಟ್ಟ ಅನುಮತಿ, ನೀವು ಬರೆದ ಕೋಡ್ ನಿಮ್ಮ ಹೊಣೆ. ಗೆರೆ ಸ್ಪಷ್ಟವಾಗಿಯೇ ಇದೆ. ಆದರೆ ಬಾಡಿಗೆಗೆ ಹೋದವರಲ್ಲಿ ಎಷ್ಟೋ ಜನ ಬ್ಯಾಕಪ್ಪು ಅವರೇ ನೋಡಿಕೊಳ್ಳುತ್ತಾರೆ ಅಂತ ನಂಬಿ ಮಲಗಿರುತ್ತಾರೆ. ಬಾಡಿಗೆ ಮನೆಯ ಒಡೆಯ ಗೋಡೆಗೆ ಸುಣ್ಣ ಹೊಡೆಸುತ್ತಾನೆ, ನಿಮ್ಮ ಬೀರುವಿನ ಕೀಲಿ ಹುಡುಕಿಕೊಡುವುದಿಲ್ಲ.

ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ಡೇಟಾ ಸೆಂಟರಿನ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಸುಟ್ಟುಹೋಯಿತು, ಹೊರಗೆಲ್ಲೂ ನಕಲು ಇರಲಿಲ್ಲ. ಅಷ್ಟು ದೊಡ್ಡದನ್ನು ಬೇರೆಡೆ ಇಡುವುದು ಕಷ್ಟ ಅನ್ನುವುದೇ ಕಾರಣವಾಗಿತ್ತು. ಅದಕ್ಕೂ ಮೊದಲು, 2024ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ಗೂಗಲ್ಲಿನಲ್ಲಿ ಅಳಿಸಿಹೋಯಿತು. ಸಿದ್ಧಪಡಿಸುವಾಗ ಗೂಗಲ್ಲಿನವರ ಒಳಗಿನ ಸಾಧನದಲ್ಲಿ ಒಂದು ಅಂಕಣ ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಅವಧಿ ಒಂದು ವರ್ಷ ಎಂದು ಯಂತ್ರ ತಿಳಿದುಕೊಂಡಿತು, ವರ್ಷ ತುಂಬಿದ ಕೂಡಲೇ ಗುಡಿಸಿಹಾಕಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಆದರೆ ಅವರ ದುಡ್ಡಿನ ಲೆಕ್ಕ ಉಳಿಯಿತು. ಆ ನಿಧಿಯವರು ಇನ್ನೊಂದು ಕಂಪನಿಯ ಹತ್ತಿರವೂ ಬ್ಯಾಕಪ್ ಇಟ್ಟಿದ್ದರು, ಎಲ್ಲ ಮತ್ತೆ ಕಟ್ಟುವಾಗ ಅದು ಕೈಹಿಡಿಯಿತು. ಆ ಎರಡನೆಯ ಬ್ಯಾಕಪ್ಪಿನ ಬಿಲ್ಲು ಪ್ರತಿ ತಿಂಗಳು ಬಂದಾಗ ಅಲ್ಲಿನ ಹಣಕಾಸಿನವರು ಏನಂದಿರಬಹುದು ಎಂದು ನಾನು ಊಹಿಸಬಲ್ಲೆ. 'ಇದು ಯಾಕೆ ಬೇಕು?' ಯಾರೋ ಒಬ್ಬರು ಪ್ರತಿ ಸಲ ಕೂತು ಯಾಕೆ ಎಂದು ಹೇಳಿರಬೇಕು.

ಗಡಿಗೆ ಕಾನೂನಿನ ಮುಖವೂ ಇದೆ. ಪಾವತಿ ವ್ಯವಹಾರದ ಮಾಹಿತಿ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲೇ ಹೇಳಿತು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್ ದಾಖಲೆಗಳನ್ನು 180 ದಿನ ಇಡಬೇಕು ಎಂಬ ನಿರ್ದೇಶನ 2022ರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಮ್ಮ ಬ್ಯಾಕಪ್ ಯಾವ ದೇಶದಲ್ಲಿ ಮಲಗಿದೆ ಅನ್ನುವುದನ್ನು ವಕೀಲರು ಕೇಳುವ ಮೊದಲು ನೀವು ತಿಳಿದಿರಬೇಕು.

ಸವಳು ಮಣ್ಣನ್ನು ಬಿಟ್ಟುಬಿಡುತ್ತೇನೆ, ಊಟದ ಹೊತ್ತಾಯಿತು. ನಡುವಿನ ದಿಬ್ಬದ ಬಗ್ಗೆ ಮಾತ್ರ ಒಂದು ಮಾತು. ಕೆರೆ ತುಂಬಿದಾಗ ಅದು ಕಾಣುವುದಿಲ್ಲ, ನೀರು ಇಳಿದಾಗಲೇ ಕಾಣುವುದು. 2017ರ ಫೆಬ್ರವರಿ 28ರಂದು ಅಮೆಜಾನಿನ ಎಂಜಿನಿಯರೊಬ್ಬರು ಒಂದು ಆದೇಶ ತಪ್ಪಾಗಿ ಟೈಪ್ ಮಾಡಿದ್ದರಿಂದ ಅಮೆರಿಕದ ಪೂರ್ವ ಕರಾವಳಿಯ ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಬಿದ್ದುಹೋಯಿತು. ಯಾವ ಸೇವೆ ಸರಿಯಿದೆ, ಯಾವುದು ಕೆಟ್ಟಿದೆ ಎಂದು ತೋರಿಸುವ ಅವರದೇ ಫಲಕ ಹಸಿರಾಗಿಯೇ ಇತ್ತು. ಯಾಕೆಂದರೆ ಬಣ್ಣ ಬದಲಾಯಿಸಲು ಆ ಫಲಕಕ್ಕೂ ಬಿದ್ದುಹೋದ ಸೇವೆಯೇ ಬೇಕಿತ್ತು. ಬೆಂಕಿ ಬಿದ್ದ ಮನೆಯೊಳಗೇ ಗಂಟೆ ಕಟ್ಟಿದ ಹಾಗೆ. ಇಂಥ ಅವಲಂಬನೆಗಳನ್ನು ಹುಡುಕಲು ಲೆಕ್ಕವೂ ಬೇಕು. ಶೇಕಡಾ 99.9 ಹೊತ್ತು ನಡೆಯುತ್ತದೆ ಅಂದರೆ ವರ್ಷಕ್ಕೆ 8 ಗಂಟೆ 45 ನಿಮಿಷ ನಿಲ್ಲಬಹುದು ಅಂತ ಅರ್ಥ. ಅಂಥ ಐದು ಸೇವೆಗಳನ್ನು ಒಂದರ ಹಿಂದೊಂದು ಪೋಣಿಸಿದರೆ 44 ಗಂಟೆ ಹತ್ತಿರ ಹೋಗುತ್ತದೆ. ಮಾರಾಟದವರು ಕೊಡುವ ಪುಸ್ತಿಕೆಯಲ್ಲಿ ಈ ಗುಣಾಕಾರ ಇರುವುದಿಲ್ಲ.

ಕೆರೆಯ ವಿಷಯದಲ್ಲಿ ನಮ್ಮ ಹಿರಿಯರು ಇನ್ನೊಂದು ಕೆಲಸ ಮಾಡಿದ್ದರು. ಕಟ್ಟಿದವರು ಯಾರು ಅಂತ ಬರೆಸಿ ಸುಮ್ಮನಾಗಲಿಲ್ಲ. ಕೆರೆಯ ಆರೈಕೆಗೆ ಕಟ್ಟುಕೊಡಗೆ ಎಂದು ಭೂಮಿ ಬಿಟ್ಟು, ಬಿತ್ತುವಟ್ಟ ಎಂದು ಆದಾಯ ಗೊತ್ತುಮಾಡಿ ಅದನ್ನೂ ಕಲ್ಲಿನ ಮೇಲೆ ಕೆತ್ತಿಸಿದರು. ಹೂಳೆತ್ತುವವರಿಗೆ ಊಟ ಎಲ್ಲಿಂದ ಅನ್ನುವುದು ವಿನ್ಯಾಸದ ಭಾಗವಾಗಿತ್ತು. ನಾವು ಕ್ಲೌಡಿನಲ್ಲಿ ಕಟ್ಟುವ ದಿನ ಕೇಕು ಕತ್ತರಿಸಿ, ಆರು ತಿಂಗಳಿಗೆ ಕಟ್ಟಿದವರನ್ನೆಲ್ಲ ಬೇರೆ ಪ್ರಾಜೆಕ್ಟಿಗೆ ಹಾಕಿಬಿಡುತ್ತೇವೆ. ಎರಡು ವರ್ಷದ ಮೇಲೆ ರಾತ್ರಿ ಎರಡಕ್ಕೆ ಎದ್ದ ಹುಡುಗಿಗೆ ಈ ಡೇಟಾಬೇಸ್ ಯಾಕೆ ಇಲ್ಲಿದೆ, ಈ ಮಿತಿ ಯಾಕೆ ಐನೂರು ಅನ್ನುವುದು ಗೊತ್ತಿರುವುದಿಲ್ಲ. ಆದ್ದರಿಂದ ಪ್ರತಿ ದೊಡ್ಡ ತೀರ್ಮಾನಕ್ಕೂ ಒಂದು ಪುಟ ಬರೆದಿಡಿ. ಏನು ಮಾಡಿದೆವು ಅನ್ನುವುದು ಕೋಡಿನಲ್ಲೇ ಇರುತ್ತದೆ, ಅದು ಬೇಡ. ಯಾಕೆ ಮಾಡಿದೆವು, ಯಾವುದನ್ನು ಬೇಡವೆಂದು ಬಿಟ್ಟೆವು, ಯಾವ ಪರಿಸ್ಥಿತಿ ಬಂದರೆ ಇದನ್ನು ಕಿತ್ತುಹಾಕಬೇಕು, ಇವನ್ನು ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ನಮ್ಮ ತಂಡದಲ್ಲಿ ಅರ್ಧ ಟಿಪ್ಪಣಿಗಳು ಹಾಗೇ ಇವೆ.

ಇನ್ನು ನಿಮ್ಮಲ್ಲಿ ಕೆಲವರ ಕಣ್ಣಲ್ಲಿ ಆ ಪ್ರಶ್ನೆ ಕಾಣುತ್ತಿದೆ: ಯಾವ ಸರ್ಟಿಫಿಕೇಟ್ ಮಾಡಿದರೆ ಆರ್ಕಿಟೆಕ್ಟ್ ಆಗಬಹುದು? ಸರ್ಟಿಫಿಕೇಟ್ ಮಾಡಿಕೊಳ್ಳಿ, ಹೆಸರುಗಳು ಪರಿಚಯವಾಗುತ್ತವೆ. ಆದರೆ ಒಂದು ಐದಾರು ವರ್ಷ ಆ ಹುದ್ದೆಯ ಆಸೆಯನ್ನು ಪಕ್ಕಕ್ಕಿಡಿ. ಮೊದಲು ರಾತ್ರಿ ಪಾಳಿಯ ಫೋನು ಹಿಡಿಯಿರಿ. ನೀವು ಬರೆದದ್ದು ನಡುರಾತ್ರಿ ಬಿದ್ದು, ಅದನ್ನು ನೀವೇ ಎಬ್ಬಿಸಿ, ಬೆಳಗ್ಗೆ ಹತ್ತಕ್ಕೆ ತಪ್ಪು ಎಲ್ಲಾಯಿತು ಅಂತ ಹತ್ತು ಜನರ ಮುಂದೆ ಹೇಳಿ ನೋಡಿ. ಬ್ಯಾಕಪ್ ಇದೆ ಅನ್ನುವವರಿಗೆ 'ಕೊನೆಯ ಸಲ ಅದರಿಂದ ವಾಪಸ್ ತಂದು ನೋಡಿದ್ದು ಯಾವಾಗ?' ಅಂತ ಕೇಳುವ ಚಾಳಿ ಬೆಳೆಸಿಕೊಳ್ಳಿ. ಜನ ನಿಮ್ಮನ್ನು ಕಿರಿಕಿರಿ ಅನ್ನುತ್ತಾರೆ. ನೀರುಗಂಟಿಗೂ ಅನ್ನುತ್ತಿದ್ದರು.

ಆ ಫಲಿತಾಂಶದ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ನನಗೆ ಆಶ್ಚರ್ಯವಾಗುವಂತೆ ಮರುವರ್ಷವೂ ಆ ಕೆಲಸ ನಮಗೇ ಕೊಟ್ಟರು. ಈ ಸಲ ಕೂತು ಯೋಚಿಸಿದಾಗ ನಾಚಿಕೆಯಾಯಿತು. ಒಮ್ಮೆ ಪ್ರಕಟವಾದ ಫಲಿತಾಂಶ ಆ ದಿನ ಬದಲಾಗುವುದೇ ಇಲ್ಲ. ಬದಲಾಗದ್ದಕ್ಕೆ ಡೇಟಾಬೇಸ್ ಯಾಕೆ? ಎಂಟು ಲಕ್ಷ ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಎರಡೂವರೆ ಕಿಲೋಬೈಟಿನ ಒಂದು ಪುಟ, ಒಟ್ಟು ಎರಡು ಗಿಗಾಬೈಟು. ಪೆನ್‌ಡ್ರೈವಿನಲ್ಲಿ ಹಿಡಿಯುವಷ್ಟು. ಹಿಂದಿನ ರಾತ್ರಿಯೇ ಎಲ್ಲ ಪುಟ ತಯಾರಿಸಿ, ಊರೂರಿನ ಹತ್ತಿರ ನಕಲು ಇಡುವ ಜಾಲದ ಹಿಂದೆ ಇಟ್ಟೆವು. ಪುಟದ ಹೆಸರಿಗೆ ರಿಜಿಸ್ಟರ್ ನಂಬರ್ ಮಾತ್ರ ಇಟ್ಟಿದ್ದೆ. ತಂಡಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿಯೊಬ್ಬಳು, 'ಅಕ್ಕಾ, ಹೀಗಾದ್ರೆ ನಂಬರ್ ಒಂದು ಹೆಚ್ಚುಕಮ್ಮಿ ಮಾಡಿ ಪಕ್ಕದ ಮನೆಯವರ ಮಾರ್ಕ್ಸ್ ನೋಡಬಹುದಲ್ವಾ?' ಅಂದಳು. ಹುಟ್ಟಿದ ದಿನಾಂಕವನ್ನೂ ಸೇರಿಸಿ ಹೆಸರು ಬದಲಿಸಿದೆವು. ಇಷ್ಟಕ್ಕೂ ಮೀರಿ ಜನ ಬಂದರೆ ಕಾಯುವ ಪುಟವೊಂದು ಸಿದ್ಧವಿತ್ತು.

ಹನ್ನೊಂದಕ್ಕೆ ಬಿಟ್ಟರು. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಗೆರೆ ಮೇಲೇರುವುದನ್ನು ನೋಡುತ್ತಿದ್ದೆ. ಏರಿತು, ನಿಂತಿತು, ಇಳಿಯತೊಡಗಿತು. ತಂದಿಟ್ಟ ಕಾಫಿ ಆರಿಹೋಗಿತ್ತು. ಹನ್ನೆರಡೂವರೆಗೆ ನನ್ನ ಫೋನು ಹೊಡೆದುಕೊಂಡಾಗ ಎದೆ ಧಸಕ್ಕೆಂದಿತು. ಮಂಡಳಿಯ ಅದೇ ಗುಮಾಸ್ತರು. ದನಿಯಲ್ಲಿ ಗಾಬರಿ.

'ಮೇಡಂ, ರಿಸಲ್ಟ್ ಬಿಟ್ಟಿದ್ದೀವಾ ಇಲ್ವಾ? ಬೆಳಗ್ಗೆಯಿಂದ ಒಂದು ಫೋನೂ ಬಂದಿಲ್ಲ.'

'ರಿಸೀವರ್ ಸರಿಯಾಗಿ ಇಟ್ಟಿದ್ದೀರಾ ನೋಡಿ ಸಾರ್' ಅಂದೆ.